ಮುಖ ಬಾಕಿ

ಮುಂಬಯಿಯ ಸಂಜೆಯ ಲೋಕಲ್‌ನಲ್ಲಿ ಎದುರು ಕುಳಿತ ಹುಡುಗಿ ಚಿತ್ರ ಬಿಡಿಸುವ ಪುಸ್ತಕ ಬಿಚ್ಚಿ ಪೆನ್ಸಿಲ್ ಹಿಡಿದಿದ್ದಳು. ಅದರಲ್ಲಿ ಮೂಡುತ್ತಿರುವುದು ತಾನೇ ಎಂದು ವಸಂತಿಗೆ ಗೊತ್ತಾದದ್ದು ಆ ಹುಡುಗಿಯ ಪಕ್ಕದಲ್ಲಿದ್ದ ಗೆಳತಿಯ ಮಾತಿನಿಂದ.

"ರಾಧಿಕಾ, ನೀ ಚಿತ್ರ ತಗಿಯೂದು ಆಂಟಿಗೆ ಗೊತ್ತಾದ್ರ?"

"ಕನ್ನಡದಾಗ ಮಾತಾಡಾಕತ್ತೀವಲ್ಲ. ಆಕಿಗೆಲ್ಲಿ ತಿಳೀತೈತಿ?"

ಮನೆಯಲ್ಲಿ ತುಳುವಾದರೂ ಉಡುಪಿಯ ಕನ್ನಡ ಶಾಲೆಯಲ್ಲಿ ಓದಿದ ವಸಂತಿಗೆ ಎಲ್ಲ ತಿಳಿಯುತ್ತಿತ್ತು. ಈಗ ಅಲುಗಾಡಿದರೆ ತನಗೆ ಕನ್ನಡ ಬರುವುದು ಅವರಿಗೂ ತಿಳಿಯುತ್ತದೆ. ಕಿಟಕಿಯತ್ತ ತಿರುಗಿದ್ದವಳು ಹಾಗೇ ಕುಳಿತಳು.

"ಗೋವಾ, ಹಂಪಿ ಎಲ್ಲಾ ತಗದಿ. ಈಗ ಈಕಿನ್ನ ಯಾಕ?"

"ಅಲ್ಲಿ ಮಂದಿ ಒಂದ್ ಕಡೆ ನಿಂದ್ರಂಗಿಲ್ಲ ಯಾರ್. ಈಕಿನ್ನ ನೋಡು, ಮೊಳಿ ಹೊಡದಂಗ ಕುಂತಾಳ."

ಸಯನ್ ಬಂತು. ವಸಂತಿ ಇಳಿಯಬೇಕಾದ ಸ್ಟೇಷನ್. ಆದರೆ ಯಾರಾದರೂ ತನ್ನನ್ನು ಇಷ್ಟು ಹೊತ್ತು ನೋಡಿ ಎಷ್ಟು ಕಾಲವಾಗಿತ್ತೋ. ಚೀಲದ ಹಿಡಿ ಬಿಗಿಹಿಡಿದು ಕುಳಿತೇ ಇದ್ದಳು. ಗಾಡಿ ಹೊರಟಿತು.

"ಕುರ್ಲಾ ಬಂತು, ಚಲ್," ಎಂದು ಗೆಳತಿ ಎದ್ದಳು. "ಅಯ್ಯ, ಮುಖಾನ ಬಾಕಿ ಉಳೀತಲ್ಲ?"

ರಾಧಿಕಾ ಪುಸ್ತಕ ಮುಚ್ಚಿ ಬಾಗಿಲಿನತ್ತ ನುಗ್ಗಿದಳು.

"ನಾಳೆ ತಗದ್ರಾತು. ದಿನಾ ಇದ ಗಾಡಿ, ಇದ ಕಿಟಕಿ. ಆಕಿ ಎಲ್ಲಿಗೆ ಹೋಗ್ತಾಳ?"