ವಿಭೂತಿ ಹಚ್ಚಿದ ಫ್ಲಾಪಿ

೧೯೮೮ರ ದಸರೆ ಮುಗಿದ ವಾರ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ನನ್ನೆದುರು ಒಬ್ಬ ಹಿರಿಯರೂ ಒಬ್ಬ ಯುವತಿಯೂ ಕೂತಿದ್ದರು. ರವಿವಾರ ಪೇಟೆಯ ಒಂದೇ ಸಗಟು ಅಂಗಡಿಯವರೆಂದು ಮಾತಿನಿಂದ ತಿಳಿಯಿತು. ಹಣೆಯ ತುಂಬ ವಿಭೂತಿಯಿದ್ದ ಹಿರಿಯರೇ ಮೊದಲು ಬಾಯಿಬಿಟ್ಟರು.

“ಮಮ್ತಾಜ, ಫ್ಲಾಪಿ ಕೆಟ್ಟಿದ್ದು ನನ್ನಿಂದನ.”

“ನಿಮ್ಮಿಂದ ಹೆಂಗ, ದುಂಡಪ್ಪಕಾಕಾ?”

“ಹೊಸಾ ಕಂಪ್ಯೂಟರಿಗೆ ಹಾಕಾಕಂತ ಹಳೇದರಾಗಿಂದೆಲ್ಲಾ ನೀ ಅದರಾಗ ತುಂಬಿ ಇಟ್ಟಿದ್ದಿ. ದಸರ್ಯಾಗ ಖಂಡೇಪೂಜಿ ದಿನಾ ತಕ್ಕಡಿಗೆ ಹಚ್ಚಿದಂಗ ಅದಕ್ಕೂ ವಿಭೂತಿ ಹಚ್ಚಿದೆ. ಕವರಿನ ಮ್ಯಾಲ ಹಚ್ಚಿದ್ರ ಮುಟ್ಟೂದಿಲ್ಲಂತ ಹೊರಗ ತಗದು, ಸೀಳಿನ್ಯಾಗ ಕಾಣೂ ಕರೇ ಪಟ್ಟಿಗೇ ಹಚ್ಚಿದೆ.”

“ಹಳೇದು ಇದ್ದಿದ್ರ ಮತ್ತ ತುಂಬಬಹುದಿತ್ತು.”

“ಅದನ್ನ ಪೂರಾ ಅಳಿಸಿ ಹೊಸಾದಕ್ಕ ಬದ್ಲಿ ಕೊಟ್ಟಾಗೇತಿ.”

“ಲೆಕ್ಕಾ ಕಾಗದದ ಮ್ಯಾಲ ಅದಾವ. ಮತ್ತ ಟೈಪ್ ಮಾಡ್ತೀನಿ, ಬಿಡ್ರಿ.”

“ಲೆಕ್ಕದ ಮಾತಲ್ಲ, ಯವ್ವಾ. ನಿಮ್ಮಪ್ಪ ಹುಸೇನಸಾಬ ತನ್ನ ಕುರ್ಚಿ ನಿನಗ ಬಿಟ್ಟು ಹೋಗೂ ಮುಂದ, ಹಳೇ ಕಂಪ್ಯೂಟರ ಚಾಲೂ ಮಾಡಿದ ಕೂಡ್ಲೇ ಸ್ಕ್ರೀನ್ ಮ್ಯಾಲ ಒಂದು ಮಾತು ಬರೂವಂಗ ಮಾಡಿದ್ದ.”

“‘ಬಾ ಬೇಟಿ, ಚಾ ಆತೇನ’ ಅಂತ.”

“ಅವ ತೀರಿದ ಮ್ಯಾಲೂ ದಿನಾ ಬರ್ತಿತ್ತು. ಅದನ್ನ ನಾ ಟೈಪ್ ಮಾಡಿ ಕೂಡಸ್ಲೇನು?”

“ಬ್ಯಾಡ್ರಿ ಕಾಕಾ. ಅದು ಅಬ್ಬಾ ಕೇಳಿದ್ದು.”

ದೇಸೂರ ಬಂತು. ಆಕೆ ಚೀಲ ಎತ್ತಿಕೊಂಡಳು.

“ಹೊಸಾದು ಏನ ತೋರಸ್ತೈತಿ?” ಹಿರಿಯರು ತಲೆಯೆತ್ತದೆ ಕೇಳಿದರು.

“ಏನೂ ಇಲ್ರಿ. ಒಂದು ಗೆರಿ ಮಿಣಕತೈತಿ, ಅಷ್ಟ. ಇವತ್ತ ಮುಂಜಾನೆ ಚಾಲೂ ಮಾಡಿ, ಸುಮ್ಮನ ರೂಢಿ ಮ್ಯಾಲ, ‘ಆತು ಅಬ್ಬಾ’ ಅಂದೆ.”

ಆಕೆ ಇಳಿದು ಹೋದಳು.