ಮಣ್ಣಿಗೆ ಬಾರದವನ ಮಾತು

ಈ ಸಂತಾಪ ಸಭೆಗೆ ಸೇರಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ, ತೀರಿಕೊಂಡ ಗೆಳೆಯನ ತಾಯಿಯವರಿಗೆ, ಮಡದಿ ಅತ್ತಿಗೆಗೆ, ಮಾಲೀಕರಿಗೆ, ಕೊಯ್ಯುವ ಕಟ್ಟೆಯಿಂದ ಲಾರಿಯವರೆಗೆ ದುಡಿಯುವ ಅಣ್ಣತಮ್ಮಂದಿರಿಗೆ — ನಮಸ್ಕಾರ. ನಾನು ಕಸಾಯಿಖಾನೆಯಲ್ಲಿ ಶೀತಲ ಯಂತ್ರ ನೋಡಿಕೊಳ್ಳುವವನು. ಇಲ್ಲಿ ನಿಂತರೆ ಏನಾದರೂ ಅನ್ನಿಸಬೇಕಿತ್ತು. ಏನೂ ಅನ್ನಿಸುತ್ತಿಲ್ಲ.

ಒಳಗೆ ಬರುವಾಗ ಅಮ್ಮ ನನ್ನ ಕೈ ಹಿಡಿದು ಕೇಳಿದರು — "ಎಲ್ರೂ ಬಂದಿದ್ರು. ನೀನ್ಯಾಕಪ್ಪ ಅವನ ಮಣ್ಣಿಗೆ ಬರ್ಲಿಲ್ಲ?" ಬೇರೆಯವರೂ ನನ್ನ ಬೆನ್ನ ಹಿಂದೆ ಇದನ್ನೇ ಕೇಳುತ್ತಿದ್ದಾರೆ, ಗೊತ್ತು. ಅದಕ್ಕೆ ಉತ್ತರ ಕೊಟ್ಟು ಕೂರುತ್ತೇನೆ.

ಅಮ್ಮ, ನಿಮ್ಮ ಮಗ ಮಾಂಸ ತೂಗುಹಾಕಿ ತಣಿಸುವ ಕೋಣೆಯ ಮೇಲ್ವಿಚಾರಕ. 'ಅವನು' ಅನ್ನುತ್ತೇನೆ, ಹಿರಿಯರು ಕ್ಷಮಿಸಬೇಕು — 'ಅವರು' ಅಂದರೆ ಬೇರೆ ಯಾರೋ ಸತ್ತ ಹಾಗಾಗುತ್ತದೆ. ನಾವೆಲ್ಲ ಅವನನ್ನು ಮೆತ್ತಗಣ್ಣ ಎನ್ನುತ್ತಿದ್ದೆವು. ಸ್ವಭಾವ ಮೆತ್ತಗೆ ಅಂತಲ್ಲ — ಅವನ ಬೈಗುಳ ಕೇಳದ ಕಿವಿ ಈ ಸಭೆಯಲ್ಲಿಲ್ಲ — ಮಾಂಸ ಮೆತ್ತಗಿರಬೇಕು ಅಂತ ನಮ್ಮ ಪ್ರಾಣ ತಿನ್ನುತ್ತಿದ್ದನಲ್ಲ, ಅದಕ್ಕೆ.

ದಿನಾ ಜಗಳ. ನಾನು ಚಳಿಗಾಳಿಯ ಫ್ಯಾನು ಜೋರು ಮಾಡಬೇಕು, ಅವನು ಬಂದು ಇಳಿಸಬೇಕು. "ಏನಯ್ಯಾ, ಕೊಳೀಲಿ ಅಂತಾನಾ?" ಅಂದೆ ಒಮ್ಮೆ. ನನ್ನ ಕೈಯನ್ನು ಎಳೆದು — ಹೀಗೆ — ಆಗಷ್ಟೇ ಕೊಯ್ದ ಕುರಿಯ ತೊಡೆಯ ಮೇಲಿಟ್ಟ. ಬೆಚ್ಚಗಿತ್ತು. "ಪ್ರಾಣ ಹೋಗಿದೆ, ಮಾಂಸಕ್ಕಿನ್ನೂ ಗೊತ್ತಾಗಿಲ್ಲ," ಅಂದ. "ಒಳಗೆ ಇನ್ನೂ ಕಸುವಿದೆ, ಕೆಲಸ ನಡೀತಿದೆ. ಅದು ಮುಗಿದು ತಾನಾಗೇ ಸೆಟೆದುಕೊಳ್ಬೇಕು. ಅಷ್ಟರೊಳಗೆ ನೀನು ಚಳಿ ಹೊಡೆಸಿದ್ರೆ ಎಳೆಯೆಳೆಯೂ ಮುದುಡಿಕೊಳ್ಳತ್ತೆ. ಆಮೇಲೆ ದಿನವಿಡೀ ಬೇಯಿಸು, ಚಪ್ಪಲಿ." ತಡಮಾಡಿದರೂ ಕೆಡುತ್ತದೆ. ನಮ್ಮ ಹಳೇ ಯಂತ್ರಕ್ಕೆ ಇದೆಲ್ಲ ತಿಳಿಯುವುದಿಲ್ಲ. ಯಾರಾದರೂ ಪಕ್ಕದಲ್ಲಿದ್ದು, ಮುಟ್ಟಿ ನೋಡಿ, ಸ್ವಲ್ಪ ಸ್ವಲ್ಪವಾಗಿ ಚಳಿ ಏರಿಸಬೇಕು.

ಅವನೇನೂ ಹುಟ್ಟುತ್ತಲೇ ಕಲಿತು ಬಂದವನಲ್ಲ. ಹೊಸತರಲ್ಲಿ ಬೇಗ ತಣಿಸಿ ಶಭಾಸ್ ಅನ್ನಿಸಿಕೊಂಡು, ಅದೇ ಮಾಂಸ ಮನೆಗೆ ತಂದಿದ್ದ. ಅಮ್ಮ, ನೀವು ಅಗಿದು ಅಗಿದು ತಟ್ಟೆಯಂಚಿಗಿಟ್ಟು, "ಚೆನ್ನಾಗಿದೆ ಕಣೋ, ನನ್ನ ಹಲ್ಲೇ ಸರಿಯಿಲ್ಲ" ಅಂದಿರಂತೆ. ಇದನ್ನು ಹೇಳುವಾಗೆಲ್ಲ ಅವನ ಮುಖ ಸಣ್ಣಗಾಗುತ್ತಿತ್ತು.

ಅವತ್ತು ಬೆಳಗ್ಗೆ ಕುರಿಗಳನ್ನೆಲ್ಲ ಕೊಕ್ಕೆಗೆ ಹಾಕಿಸಿ, ಬಾಗಿಲ ಬಳಿ ಖಾಲಿ ಕ್ರೇಟಿನ ಮೇಲೆ ಕೂತ. ಏಳಲಿಲ್ಲ. ಎದೆ ನಿಂತಿತ್ತು. ಸಂಜೆಯೊಳಗೆ ಮಣ್ಣು ಎಂದಾಯಿತು. ಮಾಲೀಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು — "ಫ್ಯಾನು ಪೂರ್ತಿ ಇಟ್ಟು ಬೀಗ ಹಾಕ್ಬಿಡು, ಎಲ್ರೂ ಹೋಗೋಣ." ರೆಗ್ಯುಲೇಟರಿಗೆ ಕೈ ಹಾಕಿದೆ. ಒಳಗೆ ಕುರಿಗಳಿನ್ನೂ ಬೆಚ್ಚಗಿದ್ದವು.

ತಿರುಗಿಸಲು ಆಗಲಿಲ್ಲ. ಅಷ್ಟೇ.

ನೀವೆಲ್ಲ ಹೊರಟಿರಿ. ನಾನು ಉಳಿದೆ. ಆಗಾಗ ಒಳಗೆ ಹೋಗಿ ಹೆಬ್ಬೆರಳಿನಿಂದ ಒತ್ತಿ ನೋಡುವುದು, ಒಂಚೂರು ಫ್ಯಾನು ಏರಿಸುವುದು, ಬಂದು ಕೂರುವುದು. ನೀವು ಅವನ ಮೇಲೆ ಮಣ್ಣು ಹಾಕುವ ಹೊತ್ತಿಗೆ ನಾನು ಕುರಿಯ ತೊಡೆ ಒತ್ತುತ್ತಿದ್ದೆ. ಕೈಗೆ ಚಳಿಯೂ ತಾಗಲಿಲ್ಲ. ಅಳು ಬರಲಿಲ್ಲ — ಇವತ್ತಿಗೂ ಬಂದಿಲ್ಲ. ಅಷ್ಟು ವರ್ಷದ ಗೆಳೆಯನಿಗೆ ಹೆಗಲು ಕೊಡಲಿಲ್ಲ ನಾನು. ಸರಿ ಮಾಡಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ ಅಮ್ಮ.

ಆ ಕುರಿಗಳಲ್ಲಿ ಒಂದರ ತೊಡೆ ಉಳಿಸಿಕೊಂಡಿದ್ದೆವು. ಅಮ್ಮ, ನಿಮಗೇ ಅಂತ ಬೇಯಿಸಿ ತಂದು ಅತ್ತಿಗೆ ಕೈಗೆ ಕೊಟ್ಟಿದ್ದೇನೆ. ಅವನು ಹೋದಾಗಿನಿಂದ ನೀವು ಸರಿಯಾಗಿ ಊಟ ಮಾಡಿಲ್ಲ ಎಂದರು ಅತ್ತಿಗೆ. ಬಲವಂತ ಮಾಡುವುದಿಲ್ಲ. ನಿಮ್ಮ ಮಗ ಅರ್ಧಕ್ಕೆ ಬಿಟ್ಟು ಹೋದ ಕೆಲಸ ಅದು — ಮುಗಿಸಿದ್ದೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಮ್ಮ, ನೀವು ಕೂತೇ ಇರಿ. ಸ್ವಲ್ಪ ಹೊತ್ತು ಯಾರೂ ಮಾತಾಡುವುದು ಬೇಡ. ಅಳು ಬಂದವರು ಅಳಿ. ಬಾರದವರು — ನನ್ನ ಜೊತೆ ಸುಮ್ಮನೆ ನಿಂತಿರಿ.