ಯಾರೂ ಮಾಡಬಾರದ ಇಟ್ಟಿಗೆ

ಮೇಡಂ ಅವರ ನೆನಪಿನ ಈ ಸಭೆಗೆ ಬಂದ ಎಲ್ಲರಿಗೂ ಶರಣು. ಭಾಲ್ಕಿಯಿಂದ ನಿನ್ನೆಯೇ ಹೊರಟು ಬಂದಿರುವ ವಿಜಯಶ್ರೀ ಮೇಡಂ ಅವರ ತಮ್ಮ ಮನ್ಮಥಪ್ಪನವರೇ, ನಿಮ್ಮ ಮಗಳು ವೈಷ್ಣವಿ, ವಾಳೂಜ್‌ನ ನನ್ನ ಹಳೆಯ ಸಹೋದ್ಯೋಗಿಗಳೇ, ನಾಸಿಕ್‌ನ ಮಣ್ಣು ಪರೀಕ್ಷಾ ಕೇಂದ್ರದ ಗೆಳೆಯರೇ — ಅಲ್ಲಿ ಕೊನೆಯ ಸಾಲಿನಲ್ಲಿ ಕುಳಿತಿರುವ ಚನಬಸವ್ವ ಅವರೇ — ನಮಸ್ಕಾರ. ಮುಂದೆ ಬನ್ನಿ ಅಮ್ಮಾ, ಇಲ್ಲಿ ಕುರ್ಚಿಗಳು ಖಾಲಿ ಇವೆ. ಬಹಳ ಖಾಲಿ ಇವೆ.

ನಾನು ಓಂಕಾರ. ವಾಳೂಜ್‌ನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಮೇಡಂ ಅವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವನು. ಕನ್ನಡದಲ್ಲೇ ಮಾತಾಡಿ ಎಂದು ಮನ್ಮಥಪ್ಪನವರು ಹೇಳಿದ್ದಾರೆ. ನಿನಗೆ ಅರ್ಥವಾಗುತ್ತದೆಯೇ ಎಂದು ವೈಷ್ಣವಿಯನ್ನು ಕೇಳಿದೆ. ಅರ್ಥ ಆಗುತ್ತದೆ ಕಾಕಾ, ತಿರುಗಿ ಮಾತಾಡುವುದೇ ಕಷ್ಟ ಎಂದು ಮರಾಠಿಯಲ್ಲಿ ಹೇಳಿದಳು. ಪರವಾಗಿಲ್ಲ ತಾಯಿ. ಇವತ್ತು ಕೇಳಿಸಿಕೊಂಡರೆ ಸಾಕು.

ವಿಜಯಶ್ರೀ ಹಲಬರ್ಗೆ ಅವರು ಕಲಬುರಗಿಯಲ್ಲಿ ರಸಾಯನಶಾಸ್ತ್ರ ಓದಿ ಇಲ್ಲಿಗೆ ಬಂದಾಗ ಈ ಊರಿಗೆ ಔರಂಗಾಬಾದ್ ಎಂದೇ ಹೆಸರಿತ್ತು. ನಮ್ಮದು ಗಾಡಿಗಳ ಬಿಡಿಭಾಗಗಳಿಗೆ ಹೊಳಪಿನ ಲೇಪ ಕೊಡುವ ಕಾರ್ಖಾನೆ. ಲೇಪ ಕೊಟ್ಟ ಮೇಲೆ ತೊಟ್ಟಿಯ ತಳದಲ್ಲಿ ಹಸಿರು ಬಣ್ಣದ ಕೆಸರು ಉಳಿಯುತ್ತದೆ. ಅದರಲ್ಲಿ ಕ್ರೋಮಿಯಂ ಎಂಬ ಲೋಹ ಇರುತ್ತದೆ; ಮಣ್ಣಿಗೆ, ನೀರಿಗೆ ಸೇರಿದರೆ ವಿಷ. ಅದನ್ನು ಡ್ರಮ್ಮಿಗೆ ತುಂಬಿ ಹಿಂದಿನ ಅಂಗಳದಲ್ಲಿ ಸಾಲಾಗಿ ಇಡುತ್ತಿದ್ದೆವು. ಅದನ್ನು ಏನು ಮಾಡಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಇಷ್ಟವೂ ಇರಲಿಲ್ಲ.

ಮೇಡಂಗೆ ಇತ್ತು. ತಮ್ಮ ಸಂಜೆಗಳನ್ನೆಲ್ಲ ಆ ಕೆಸರಿಗೆ ಕೊಟ್ಟರು. ಸಿಮೆಂಟು, ಕಲ್ಲಿದ್ದಲ ಬೂದಿ, ಮತ್ತೆ ತಾವೇ ಹುಡುಕಿದ ಒಂದು ಲವಣ — ಇವುಗಳ ಜೊತೆ ಕಲಸಿ, ವಿಷವನ್ನು ಒಳಗೇ ಕಟ್ಟಿಹಾಕುವ ಇಟ್ಟಿಗೆಯೊಂದನ್ನು ಮಾಡಿದರು. ಕಾರ್ಖಾನೆಗೆ ಆಗ ಅದರಲ್ಲಿ ಆಸಕ್ತಿ ಇರಲಿಲ್ಲ. ಹಾಗಾಗಿ ಪೇಟೆಂಟ್ ಅವರ ಸ್ವಂತ ಹೆಸರಿಗೇ ಬಂತು. ಬಂದ ಮೇಲೆ ಆಸಕ್ತಿಯೂ ಬಂತು! ಅವರಿಂದ ಪರವಾನಗಿ ಪಡೆದು ಕಾರ್ಖಾನೆ ಇಟ್ಟಿಗೆ ಮಾಡತೊಡಗಿತು. ಶಾಲು ಹೊದಿಸಿದೆವು, ಹಾರ ಹಾಕಿದೆವು. ಆ ದಿನದ ಫೋಟೋದಲ್ಲಿ ನಾವೆಲ್ಲ ಅವರ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೇವೆ. ಅಷ್ಟು ಜನ ಅವರ ಸುತ್ತ ನಿಂತದ್ದು — ನನಗೆ ನೆನಪಿರುವ ಮಟ್ಟಿಗೆ — ಅದೊಂದೇ ಸಲ.

ಆಮೇಲೆ ಮೇಡಂ ಮಣ್ಣಿನ ಕಡೆ ತಿರುಗಿದರು. ಹೊಲದವರು ಹೊಲದಲ್ಲೇ ನಿಂತು ಮಾಡಬಹುದಾದ ಪರೀಕ್ಷೆಯೊಂದು ಬೇಕು ಎನ್ನುವುದು ಅವರ ಆಸೆ. ಒಂದು ಚಿಟಿಕೆ ಮಣ್ಣು, ಸಣ್ಣ ಬಾಟಲಿಯಲ್ಲಿ ನೀರು. ಕಲಕಿ, ತಿಳಿಯಾದ ಮೇಲೆ ಎರಡು ಹನಿ ಔಷಧ. ನೀರು ನೀರಾಗಿಯೇ ಉಳಿದರೆ ಮಣ್ಣಿನಲ್ಲಿ ವಿಷದ ಕ್ರೋಮಿಯಂ ಇಲ್ಲ. ನೇರಳೆಗೆ ತಿರುಗಿದರೆ ಇದೆ. ಇಷ್ಟೇ.

ಆ ಬಾಟಲಿಗಳನ್ನು ಸೀರೆಯ ಮೇಲೆ ಹಾಕಿಕೊಂಡ ಬಿಳಿ ಕೋಟಿನ ಜೇಬಿನಲ್ಲಿಟ್ಟುಕೊಂಡು — ಹೀಗೆ, ಎರಡೂ ಕಡೆ ಉಬ್ಬಿಸಿಕೊಂಡು — ಕಂಡ ಕಂಡಲ್ಲಿ ಮಣ್ಣು ನೋಡುತ್ತಿದ್ದರು. ಒಂದು ಮಧ್ಯಾಹ್ನ ಕಾರ್ಖಾನೆಯ ಹಿಂದಿನ ಕೂಲಿಯವರ ವಸತಿಯ ಕಡೆಗೆ ಹೋದೆವು. ಅಲ್ಲಿ ಚನಬಸವ್ವ ಅವರು ಬಾಗಿಲ ಮುಂದೆ ಮೆಂತ್ಯದ ಸೊಪ್ಪು ಹಾಕಿದ್ದರು. ಕನ್ನಡ ಕೇಳಿದ್ದೇ ಮೇಡಂ ನಿಂತುಬಿಟ್ಟರು. ಯಾವ ಊರು, ಯಾವ ತಾಲೂಕು, ಎಷ್ಟು ದಿನದ ಕೆಲಸ ಎಂದೆಲ್ಲ ಮಾತಾಯಿತು. ಮಾತಿನ ನಡುವೆ, ಆಟ ತೋರಿಸುವ ಹಾಗೆ, ಸೊಪ್ಪಿನ ಬುಡದಿಂದ ಚಿಟಿಕೆ ಮಣ್ಣು ತೆಗೆದು ಬಾಟಲಿಗೆ ಹಾಕಿದರು.

ನೀರು ನೇರಳೆಯಾಯಿತು.

ಚನಬಸವ್ವ ಅವರು ನಕ್ಕರು. "ಬಣ್ಣಾ ಭಾಳ ಚಂದ ಬಂತಲ್ರೀ ಅಕ್ಕಾ" ಎಂದರು.

ಮೇಡಂ ಆ ಬಾಟಲಿಯನ್ನು ಬಿಸಿಲಿಗೆ ಹಿಡಿದರು. ಇಳಿಸಿದರು. ಮತ್ತೆ ಹಿಡಿದರು. ಆಮೇಲೆ ಬಾಗಿಲ ಕಟ್ಟೆಯ ಕಡೆ ನೋಡಿ ಕೇಳಿದರು: "ಈ ಕಟ್ಟಿಗಿ ಯಾವ ಇಟ್ಟಂಗಿ ಹಾಕ್ಯಾರ್ರೀ?"

"ನಿಮ್ಮ ಕಾರ್ಖಾನೀದವೇ ಅಲ್ರೀ. ಪುಗಸಟ್ಟೆ ಕೊಟ್ಟಾರ."

ಮೇಡಂ ಕೈಯಾರೆ ಆ ಸೊಪ್ಪನ್ನೆಲ್ಲ ಕಿತ್ತರು. ಚನಬಸವ್ವ ಅವರಿಗೆ ಸಿಟ್ಟು ಬಂತು, ಬರಲೇಬೇಕಲ್ಲ. ತಿನ್ನಬೇಡಿ, ಇಲ್ಲಿ ಏನೂ ಬೆಳೆಯಬೇಡಿ ಎಂದಷ್ಟೇ ಹೇಳಿ ಮೇಡಂ ಹೊರಟರು.

ಸ್ನೇಹಿತರೇ, ಪ್ರಯೋಗಾಲಯದಲ್ಲಿ ಆ ಇಟ್ಟಿಗೆ ಎಲ್ಲ ಪರೀಕ್ಷೆಗಳಲ್ಲೂ ಗೆದ್ದಿತ್ತು. ಕಾಗದದ ಪ್ರಕಾರ ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಆದರೆ ಮಳೆಯಲ್ಲಿ ನೆನೆದು, ಬಿಸಿಲಿಗೆ ಒಣಗಿ, ಮತ್ತೆ ನೆನೆದು — ಹೀಗೆ ಕೆಲವು ವರ್ಷ ಕಳೆದ ಮೇಲೆ ಕಟ್ಟಿಹಾಕಿದ್ದ ವಿಷ ಹೊರಗೆ ಬರುತ್ತಿತ್ತು. ಮೇಡಂ ವೈಜಾಪುರದ ಕಡೆ ಹೋಗಿ ಅದೇ ಇಟ್ಟಿಗೆ ಹಾಸಿದ ಅಂಗಳಗಳ ಮಣ್ಣು ತಂದರು. ಅದೂ ನೇರಳೆ.

ಕಾರ್ಖಾನೆಯ ಮುಖ್ಯಸ್ಥ ಯಶವಂತರ ಮುಂದೆ ಬಾಟಲಿಗಳನ್ನು ಇಟ್ಟು ನಡೆದುದನ್ನು ಹೇಳಿದರು. ಯಶವಂತರು ಕೆಟ್ಟವರಲ್ಲ; ಇವತ್ತು ಬರಲಾಗಲಿಲ್ಲವೆಂದು ಹೂವು ಕಳಿಸಿದ್ದಾರೆ. ನಿಯಮದ ಪರೀಕ್ಷೆಯಲ್ಲಿ ಪಾಸಾಗಿದೆ, ನೀವೇ ಪಾಸು ಮಾಡಿದ್ದೀರಿ, ಸುಮ್ಮನಿರಿ ಎಂದು ಹಿಂದಿಯಲ್ಲಿ ಮೆಲ್ಲಗೆ ತಿಳಿಹೇಳಿದರು. ಮೇಡಂ ಸುಮ್ಮನಿರಲಿಲ್ಲ. ಪರವಾನಗಿಯನ್ನು ಹಿಂತೆಗೆದುಕೊಂಡರು. ಇಟ್ಟಿಗೆಯ ವಿಭಾಗ ನಿಂತುಹೋಯಿತು. ಅಲ್ಲಿ ಕೆಲಸಕ್ಕಿದ್ದವರು ಬೇರೆ ಗೇಟುಗಳ ಮುಂದೆ ನಿಲ್ಲಬೇಕಾಯಿತು. ವಸತಿಯ ಕಟ್ಟೆಗಳನ್ನು ಕಿತ್ತು, ಮಣ್ಣು ತೆಗೆದು, ಅಪಾಯಕಾರಿ ಕಸ ಹೂಳುವ ಜಾಗಕ್ಕೆ ಸಾಗಿಸುವವರೆಗೂ ಮೇಡಂ ಬಿಡಲಿಲ್ಲ. ಆದರೆ ಅಷ್ಟರಲ್ಲಿ ಅಲ್ಲಿದ್ದ ಕೂಲಿಯವರು ಬೇರೆ ಊರಿನ ಕೆಲಸಕ್ಕೆ ಹೊರಟುಹೋಗಿದ್ದರು.

ಆಮೇಲೆ ಕ್ಯಾಂಟೀನಿನಲ್ಲಿ ಅವರು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಯಾರೂ ಬೈಯಲಿಲ್ಲ, ಜಗಳವೂ ಆಡಲಿಲ್ಲ. ನಮಸ್ಕಾರಕ್ಕೆ ನಮಸ್ಕಾರ ಬರುತ್ತಿತ್ತು. ಅದರ ಮುಂದಿನ ಮಾತು ಬರುತ್ತಿರಲಿಲ್ಲ, ಅಷ್ಟೇ. ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ನಾಸಿಕ್‌ಗೆ ಹೋದರು. ಅಲ್ಲಿ ಮಣ್ಣು ಪರೀಕ್ಷಾ ಕೇಂದ್ರ ಸೇರಿದರು. ಲಾಸಲಗಾಂವ್‌ನ ಈರುಳ್ಳಿಯವರು, ದ್ರಾಕ್ಷಿ ತೋಟದವರು ಮಣ್ಣು ತರುತ್ತಿದ್ದರು, ಇವರು ನೋಡಿಕೊಡುತ್ತಿದ್ದರು. ಬಾಡಿಗೆಯ ಒಂದು ಕೋಣೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳುವವರೂ ಕ್ರಮೇಣ ಕೇಳುವುದನ್ನು ಬಿಟ್ಟರು.

ಒಂದು ಮಾತು ಮಾತ್ರ ನಮ್ಮೆಲ್ಲರಿಗೂ ಒಗಟಾಗಿತ್ತು. ಇಟ್ಟಿಗೆ ಕೆಟ್ಟದ್ದು ಎಂದ ಮೇಲೆ ಆ ಪೇಟೆಂಟನ್ನು ಯಾಕೆ ಬಿಡುವುದಿಲ್ಲ? ವರ್ಷ ವರ್ಷವೂ ಯಾಕೆ ನವೀಕರಿಸುತ್ತಾರೆ? ಹೆಸರಿನ ಆಸೆ ಎಂದರು ಕೆಲವರು. ಹೋದ ಮಾನ ಹಿಡಿದುಕೊಂಡು ಕೂತಿದ್ದಾರೆ ಎಂದರು ಇನ್ನು ಕೆಲವರು. ನಾನು ನಾಸಿಕ್‌ಗೆ ಹೋದಾಗ ನೇರವಾಗಿ ಕೇಳಿಬಿಟ್ಟೆ. ಅವರು ಚಹಾ ಸೋಸುತ್ತಿದ್ದರು.

"ಓಂಕಾರ, ಪೇಟೆಂಟ್ ಅಂದ್ರ ಮಾಡೋ ಹಕ್ಕಲ್ಲ. ಬ್ಯಾರೇದವ್ರಿಗಿ ಮಾಡಬ್ಯಾಡ್ರಿ ಅನ್ನೋ ಹಕ್ಕು" ಎಂದರು. "ನಾ ಕೈ ಬಿಟ್ಟೆ ಅಂದ್ರ ನಾಳಿಗೇ ಯಾರ ಬೇಕಾದ್ರೂ ಮಾಡ್ತಾರ. ಮಾಡಬ್ಯಾಡ್ರಿ ಅನ್ಲಾಕ ನಾ ಒಬ್ಬಾಕಿನೇ ಇದ್ದೀನಿ."

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಇಟ್ಟಿಗೆಯ ಪರವಾನಗಿ ಕೇಳಿಕೊಂಡು ದೂರದೂರದಿಂದ ಜನ ಬಂದರು. ಮೇಡಂ ಪ್ರತಿಯೊಬ್ಬರನ್ನೂ ಕೂರಿಸಿ, ಚಹಾ ಕೊಟ್ಟು, ಇಲ್ಲ ಎಂದರು. ಬೇರೆಯವರು ಏನಾದರೂ ಕಂಡುಹಿಡಿದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇವರು ತಾವು ಕಂಡುಹಿಡಿದದ್ದಕ್ಕೆ ಕಾವಲು ಕೂತರು. ಆ ಕಾವಲಿಗೆ ಪಾಳಿ ಬದಲಿಸುವವರು ಇರಲಿಲ್ಲ.

ಮಣ್ಣಿನ ಪರೀಕ್ಷೆಗೂ ಅವರಿಗೆ ಪೇಟೆಂಟ್ ಸಿಕ್ಕಿತು. ಅದನ್ನು ಮಾತ್ರ ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟರು.

ಈ ನಡುವೆ ಅವರು ಚನಬಸವ್ವ ಅವರನ್ನು ಹುಡುಕುತ್ತಲೇ ಇದ್ದರು. ಕಟ್ಟಡದ ಕೆಲಸ ನಡೆಯುವಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಟೋ ನಿಲ್ಲಿಸಿ ಇಳಿಯುತ್ತಿದ್ದರು. ಕೊನೆಗೆ ನಾಸಿಕ್‌ನಲ್ಲೇ, ಗಂಗಾಪುರ ರಸ್ತೆಯ ಒಂದು ಕಟ್ಟಡದ ಬಳಿ ಸಿಕ್ಕರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಮೇಡಂ ಅಲ್ಲ — ಚನಬಸವ್ವ ಅವರೇ, ಇವತ್ತು ಬೆಳಿಗ್ಗೆ, ಇದೇ ಸಭಾಂಗಣದ ಮೆಟ್ಟಿಲ ಮೇಲೆ ಕುಳಿತು.

ಮೇಡಂ ಬಿಸಿಲಲ್ಲಿ ನಿಂತು, ಆ ಇಟ್ಟಿಗೆ ಮಾಡಿದವಳು ನಾನೇ, ನಿಮ್ಮ ಮಣ್ಣು ಕೆಟ್ಟದ್ದು ಅದರಿಂದಲೇ ಎಂದರಂತೆ. ಮಕ್ಕಳು ಹೇಗಿದ್ದಾರೆ, ಚರ್ಮಕ್ಕೆ ಏನಾದರೂ ಆಯಿತೇ, ಹೊಟ್ಟೆಗೆ ಏನಾದರೂ ಆಯಿತೇ ಎಂದು ಒಂದೊಂದೇ ಕೇಳಿದರಂತೆ. ಎಲ್ಲರೂ ಚೆನ್ನಾಗಿದ್ದಾರೆ ಎಂದರೂ ನಂಬಲಿಲ್ಲವಂತೆ. ಎಲ್ಲರನ್ನೂ ಡಾಕ್ಟರರ ಬಳಿ ಕರೆದುಕೊಂಡು ಹೋಗಿ ತೋರಿಸಿದ ಮೇಲೆಯೇ ಸಮಾಧಾನ. ಆಗ ಚನಬಸವ್ವ ಅವರು ಹೇಳಿದ ಮಾತು ಇದು: "ನಮಗ ಹೇಳಬೇಕಂತ ಇಷ್ಟು ತಿರಗ್ಯಾಡಿದವ್ರು ನೀವೊಬ್ಬರೇ ನೋಡ್ರಿ. ಬರ್ರಿ, ರೊಟ್ಟಿ ಉಣ್ಣಬರ್ರಿ."

ಉಂಡರಂತೆ. ಆಮೇಲೆ ವಾರಕ್ಕೊಮ್ಮೆಯಾದರೂ ಹೋಗಿ ಉಣ್ಣುತ್ತಿದ್ದರಂತೆ. ಆ ಕಟ್ಟಡ ಮುಗಿಯುವವರೆಗೆ. ಮುಗಿದ ಮೇಲೆ ಚನಬಸವ್ವ ಅವರು ಮತ್ತೆ ಬೇರೆ ಊರಿಗೆ ಹೋದರು.

ಪೇಟೆಂಟಿನ ಅವಧಿ ಇಪ್ಪತ್ತು ವರ್ಷ. ಹೋದ ವರ್ಷ ಅದು ಮುಗಿಯಿತು. ಇನ್ನು ಯಾರು ಬೇಕಾದರೂ ಆ ಇಟ್ಟಿಗೆ ಮಾಡಬಹುದು ಎಂದು ಮೇಡಂ ತುಂಬಾ ಹೆದರಿದ್ದರು. ಯಾರೂ ಮಾಡಲಿಲ್ಲ. ಅವರು ಬಿಟ್ಟುಕೊಟ್ಟ ಪರೀಕ್ಷೆ ಅಷ್ಟರಲ್ಲಿ ಎಷ್ಟು ಕೈಗಳಿಗೆ ಹೋಗಿತ್ತೆಂದರೆ, ಇಟ್ಟಿಗೆ ಕೊಳ್ಳುವವರೇ ಅದು ಹಿಂದೆ ಹಾಸಿದ್ದ ಕಡೆಯ ಮಣ್ಣಿಗೆ ಎರಡು ಹನಿ ಹಾಕಿ ನೋಡುತ್ತಿದ್ದರು. ಇದನ್ನು ನಾನು ಫೋನಿನಲ್ಲಿ ಹೇಳಿದೆ. ಹಂಗಾದ್ರ ನಾ ಇನ್ನ ಮಲಗಬಹುದು ಎಂದರು. ನಾನು ನಕ್ಕೆ, ಅವರೂ ನಕ್ಕರು.

ಕಳೆದ ತಿಂಗಳು ಎದೆನೋವೆಂದು ತಾವೇ ಆಟೋ ಹತ್ತಿ ಆಸ್ಪತ್ರೆಗೆ ಹೋದರು. ಯಾರಿಗೆ ತಿಳಿಸಬೇಕು ಎಂದು ಅಲ್ಲಿಯ ನರ್ಸ್ ಕೇಳಿದ್ದಾರೆ. ಭಾಲ್ಕಿ ದೂರ, ತಮ್ಮನಿಗೆ ಗಾಬರಿ ಬೇಡ ಎಂದು ಮೇಡಂ ಮಣ್ಣು ಪರೀಕ್ಷಾ ಕೇಂದ್ರದ ನಂಬರು ಕೊಟ್ಟರು. ಅಂದು ಭಾನುವಾರ. ಬೀಗ ಹಾಕಿದ ಕೇಂದ್ರದಲ್ಲಿ ಫೋನು ಹೊಡೆದುಕೊಂಡಿದೆ. ಸಂಜೆ ಮೇಡಂ ತೀರಿಕೊಳ್ಳುವವರೆಗೂ ಹೊಡೆದುಕೊಂಡಿದೆ.

ಮನ್ಮಥಪ್ಪನವರೇ, ತಲೆ ಎತ್ತಿ. ಅಕ್ಕ ನನ್ನ ನಂಬರು ಯಾಕೆ ಕೊಡಲಿಲ್ಲ ಎಂದು ಬೆಳಗಿನಿಂದ ನನ್ನನ್ನು ಕೇಳುತ್ತಿದ್ದೀರಿ. ಯಾರಿಗೂ ತೊಂದರೆಯಾಗಬಾರದು ಎಂದು ಬದುಕಿದವರು ಕೊನೆಯ ದಿನ ಮಾತ್ರ ಬೇರೆಯಾಗುತ್ತಾರೆಯೇ?

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಚನಬಸವ್ವ ಅವರೇ, ನೀವು ಇಲ್ಲಿ, ಮನೆಯವರ ಪಕ್ಕಕ್ಕೆ ಬನ್ನಿ — ವೈಷ್ಣವಿ, ಅವರ ಕೈ ಹಿಡಿದುಕೋ ತಾಯಿ. ಮೇಡಂ ಬಹಳ ವರ್ಷ ಒಬ್ಬರೇ ಸುಮ್ಮನೆ ಇದ್ದರು. ಇನ್ನು ಸ್ವಲ್ಪ ಹೊತ್ತು ನಾವೆಲ್ಲ ಅವರ ಜೊತೆ ಸುಮ್ಮನೆ ಇರೋಣ.